ಮುರುದ ಬೋಲ್ಟು, ಕೆಟ್ಟ ಕಾಯಿ

ನಗುವಂಥ ಫಜೀತಿ ಎಲ್ಲಾ ನನ್ನ ಮನಿನೇ ಹುಡಿಕ್ಕೊಂಡು ಬರ್ತಾವ. ನಗೋರು ಮಾತ್ರ ಮಂದಿ. ಕೋಪರಖೈರಣೆಯಿಂದ ರಬಾಳೆ ಕಾರ್ಖಾನಿಗೆ ನಾ ಸೈಕಲ್ ಮ್ಯಾಲ ಹೋಗಾಂವ. ಹಿಂದ ಕ್ಯಾರಿಯರ್ ಮ್ಯಾಲ ಹೆಂಡ್ತಿ. ದಾರ್ಯಾಗಿನ ಒಂದು ಬಿಲ್ಡಿಂಗಿನ್ಯಾಗ ಆಕಿ ಅಡಗಿ ಮಾಡ್ತಾಳ. ಮೊಣಕಾಲು ನೋವು, ಲಗೂ ನಡಿಯಾಕ ಆಗಂಗಿಲ್ಲ. ಅಷ್ಟು ಸನೇಕ ಆಟೋದವ್ರು ಬರಂಗಿಲ್ಲ. ಒಂದಿನ ಮುಂಜಾನೆ ಕ್ಯಾರಿಯರ್ ಬೋಲ್ಟು ಪಟ್ ಅಂತ ಮುರೀತು. ತಲಿ ನನ್ನ ಕೈಯಾಗ, ಉಳಿದದ್ದು ಫ್ರೇಮಿನ ತೂತಿನ್ಯಾಗ. ಆಕಿ ಕುಂಟ್ಕೋಂತ ಹೋದ್ಳು, ತಡಾ ಆತು. "ಮೂರು ಸಲ ತಡಾ ಆದ್ರ ಕೆಲಸ ಇಲ್ಲ," ಅಂದ್ರಂತ ಆ ಮನಿ ಮ್ಯಾಡಮ್.

೧. ಡೀಸೆಲ್ಲು

ಸಂಜಿಗೆ ಸೈಕಲ್ ಅಂಗಡಿಯಾಂವ ಡೀಸೆಲ್ ಬಿಟ್ಟ, ಉಳಿ ಇಟ್ಟು ಉಲ್ಟಾ ಬಡಿದ. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. "ತುಕ್ಕು ಹಿಡದದ ಕಾಕಾ, ಮುಂಜಾನಿತನಾ ನೆನೀಲಿ," ಅಂದ. ಮುಂಜಾನಿ ಬೋಲ್ಟು ಹಂಗೇ ಇತ್ತು, ಡೀಸೆಲ್ಲಿನ್ಯಾಗ ನೆನದದ್ದು ನನ್ನ ಪ್ಯಾಂಟು. ಹೆಂಡ್ತಿಗೆ ಎರಡನೇ ಸಲ ತಡಾ. ಕಾರ್ಖಾನಿ ಗೇಟಿನ ಹೊರಗ ಬೀಡಿ ಸೇದೋರೆಲ್ಲ ನನ್ನ ಕಂಡು ದೂರ ಸರದು ನಿಂತ್ರು.

೨. ಉಡುಪಿ ವೆಲ್ಡರು

ಊಟದ ಬಿಡುವಿನ್ಯಾಗ ನಮ್ಮ ಉಡುಪಿ ವೆಲ್ಡರಿಗೆ ತೋರ್ಸಿದೆ. "ನೀವು ಸ್ವಲ್ಪ ಅತ್ಲಾಗೆ ನಿಲ್ಲಿ ಮಾರಾಯ್ರೆ," ಅಂದು, ಮುರುದ ತುಂಡಿಗೆ ಒಂದು ನಟ್ ವೆಲ್ಡ್ ಮಾಡಿ, ಪಾನಾ ಹಾಕಿ ತಿರುವಿದ್ರು. ಸರಕ್ಕನೆ ಹೊರಗ ಬಂತು! ಹೊಸಾ ಬೋಲ್ಟೂ ಅವ್ರೇ ಬಿಗದ್ರು. "ಇನ್ನು ನೀವು ಸತ್ತರೂ ಇದು ಮುರಿಯುದಿಲ್ಲ."

ಸಮಾಧಾನ ಹೇಳೋದಂದ್ರ ಹಿಂಗ ನೋಡ್ರಿ.

೩. ಪೂಜಿ

ಮೂರನೇ ದಿನ ಹೆಂಡ್ತಿ ಅರ್ಧ ತಾಸು ಮೊದಲೇ ಚೀಲ ಹಿಡಕೊಂಡು ತಯಾರ್ ನಿಂತಿದ್ಳು. ನನಗೇನು ಬುದ್ಧಿ ಬಂತೋ, "ಕಬ್ಬಿಣ ಮುರುದದ, ಕಾಯಿ ಒಡೀದ ಸೈಕಲ್ ಹತ್ತಬಾರದು," ಅಂದೆ.

"ಸಂಜಿಗೆ ಒಡೀರಿ, ಹೊತ್ತಾತು."

ಕೇಳಲಿಲ್ಲ. ಕುಂಕುಮ ಹಚ್ಚಿದೆ, ಗಾಲಿ ಕೆಳಗ ನಿಂಬಿಹಣ್ಣು ಇಟ್ಟೆ, ಕಾಯಿ ಒಡದೆ. ಒಳಗ ಕೆಟ್ಟಿತ್ತು! ಅಪಶಕುನ ಅಂತ ಇನ್ನೊಂದು ತರಾಕ ಓಡಿದೆ. ಅಂಗಡಿ ಬಾಗಲಾ ತಗದಿರಲಿಲ್ಲ. ಅಲ್ಲೇ ಕಾದೆ. ತಂದು ಒಡದು, ಆಕಿನ್ನ ಕೂಡಿಸ್ಕೊಂಡು ಉಸರು ಹೋಗೂಹಂಗ ತುಳದೆ.

ಆಕಿ ಮ್ಯಾಲ ಹೋದಾಕಿ ಹಂಗೇ ಕೆಳಗ ಬಂದ್ಳು. "ಕಲ್ ಸೆ ಮತ್ ಆನಾ, ನಾಳಿಯಿಂದ ಬರಬ್ಯಾಡ ಅಂದ್ರು," ಅಂದ್ಳು.

ನಾಕು ವರ್ಷದ ಕೆಲಸ, ನನ್ನ ಕೈಯಾರೆ ಕಳದೆ. "ತಪ್ಪಾತು," ಅಂದೆ.

ಆಕಿ ಸೈಕಲ್ ನೋಡಿದ್ಳು. "ಕ್ಯಾರಿಯರ್ ಗಟ್ಟಿ ಕುಂತದೇನು?"

"ಭಾರೀ ಗಟ್ಟಿ ಅದ."

"ಹಂಗಾದ್ರ ನಾಳಿಯಿಂದ ಆ ಕಾಯೀನ ಕೂಡಿಸ್ಕೊಂಡು ಹೋಗ್ರಿ."