ಧೂಳಿಗೆ ಅಂಜಿದವನ ಕ್ಯಾಮೆರಾ

ಫೋಟೋ ತೆಗೆಯುವ ಕಸುಬಿನಲ್ಲಿ ನಗೆಯ ಪ್ರಸಂಗಗಳಿಗೆ ಎಂದೂ ಬರವಿಲ್ಲ. ತೊಂದರೆ ಏನೆಂದರೆ, ಅವು ನಡೆಯುವಾಗ ನಗು ಬರುವುದು ಎದುರಿಗಿದ್ದವರಿಗೆ, ಬೆವರು ಬರುವುದು ನಮಗೆ. ನನಗೆ ಬೆವರು ಬರಿಸಿದ್ದು ಹುಲಿಯಲ್ಲ, ಹಾವಲ್ಲ, ಬರೀ ಧೂಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸ್ಟುಡಿಯೋ. ರೀಲಿನ ಕ್ಯಾಮೆರಾಗಳನ್ನೆಲ್ಲ ಮಾರಿ, ಸಾಲದ್ದಕ್ಕೆ ಹೆಂಡತಿಯ ಬಂಗಾರದ ಪಾಟಲಿ ಬಳೆಯನ್ನೂ ಕರಗಿಸಿ, ಲೆನ್ಸ್ ಬದಲಿಸುವಂಥ ಒಂದು ದೊಡ್ಡ ಡಿಜಿಟಲ್ ಕ್ಯಾಮೆರಾ ತಂದೆ. ಬೆಳಗಾವಿಯಲ್ಲಿ ಅದನ್ನು ಕೊಟ್ಟ ಅಂಗಡಿಯವನು ಡಬ್ಬಿ ಕಟ್ಟುತ್ತ ಕಟ್ಟುತ್ತ ನನ್ನ ನಿದ್ದೆಯನ್ನೂ ಅದರೊಳಗೇ ಕಟ್ಟಿಬಿಟ್ಟ.

"ರೀಲಿನ ಕ್ಯಾಮೆರಾದಾಗ ಧೂಳ ಬಿದ್ರ ಒಂದ ಫೋಟೋ ಕೆಡತೈತ್ರಿ. ಮುಂದಿನ ಫೋಟೋಕ್ಕ ರೀಲ ಮುಂದ ಸರೀತೈತಿ, ಚಿಂತಿಲ್ಲ. ಇದರಾಗ ಹಂಗಲ್ಲ. ಒಳಗ ಸೆನ್ಸರ್ ಅಂತ ಐತಿ, ಫೋಟೋ ಮೂಡೂದು ಅದರ ಮ್ಯಾಲೆ. ಅದಕ್ಕ ಧೂಳ ಕುಂತ್ರ, ತೆಗೆದ ಪ್ರತಿ ಫೋಟೋದಾಗೂ ಅದ ಜಾಗಾದಾಗ ಕರೀ ಚುಕ್ಕಿ. ವರಸಾಕ ಹೋಗಿ ಗೀರ ಬಿತ್ತೋ, ಕ್ಯಾಮೆರಾದ ಕತಿ ಮುಗೀತು."

"ಧೂಳ ಒಳಗ ಯಾವಾಗ ಹೋಗ್ತೈತ್ರಿ?" ಎಂದೆ.

"ಲೆನ್ಸ್ ಬಿಚ್ಚಿದಾಗ. ಅವಾಗ ಉಸರ ಸೈತ ಬಿಡಬ್ಯಾಡ್ರಿ" ಎಂದ.

ಆ ಮಾತನ್ನು ನಾನು ಅಕ್ಷರಶಃ ನಂಬಿದೆ. ಕ್ಯಾಮೆರಾ ಹೋದರೆ ಸ್ಟುಡಿಯೋ ಹೋಯಿತು, ಸ್ಟುಡಿಯೋ ಹೋದರೆ ಹೆಂಡತಿಗೆ ಮುಖ ತೋರಿಸುವುದು ಹೇಗೆ? ಕಬ್ಬಿನ ಹಂಗಾಮಿನಲ್ಲಿ ಗೋಕಾಕದ ರಸ್ತೆ ನೋಡಿದವರಿಗೆ ನನ್ನ ಅಂಜಿಕೆ ತಿಳಿದೀತು. ಅಲ್ಲಿ ಟ್ರ್ಯಾಕ್ಟರ್ ಹೋದ ಮೇಲೆ ಎದುರು ಅಂಗಡಿ ಕಾಣಲು ಸ್ವಲ್ಪ ಹೊತ್ತು ಕಾಯಬೇಕು.

ಸೊಳ್ಳೆ ಪರದೆಯೊಳಗಿನ ಅಳಿಯ

ಲೆನ್ಸ್ ಬದಲಿಸಲು ನಾನೊಂದು ಪದ್ಧತಿ ಮಾಡಿಕೊಂಡೆ. ಮನೆಯ ಕಿಟಕಿಗಳನ್ನೆಲ್ಲ ಹಾಕುವುದು. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸುವುದು. ಅರಿವೆಯಿಂದ ನೂಲು ಉದುರೀತೆಂದು ಅಂಗಿ, ಬನಿಯನ್ ಕಳಚುವುದು. ಬಾಯಿಗೆ ಒದ್ದೆ ವಸ್ತ್ರ ಕಟ್ಟಿಕೊಂಡು, ಮಂಚದ ಮೇಲೆ ಸೊಳ್ಳೆ ಪರದೆ ಇಳಿಬಿಟ್ಟು, ಒಳಗೆ ಕೂತು, ಮನೆದೇವರನ್ನು ನೆನೆಯುತ್ತ ಲೆನ್ಸ್ ತಿರುವುವುದು.

ಒಂದು ಮಧ್ಯಾಹ್ನ ಹೀಗೇ ಕೂತಿದ್ದೆ. ಮೂಡಲಗಿ ಕಡೆಯಿಂದ ನನ್ನ ಅತ್ತೆ ಬಂದಳು. ಹಾಡಹಗಲೇ ಕತ್ತಲು ಮಾಡಿದ ಕೋಣೆ, ಪರದೆಯೊಳಗೆ ಬರಿಮೈಯ ಅಳಿಯ, ಬಾಯಿಗೆ ಬಟ್ಟೆ, ಏನೋ ಗೊಣಗಾಟ. ಬಾಗಿಲಲ್ಲೇ ಕೈಚೀಲ ಬಿಟ್ಟಳು.

"ಎಂದಿನಿಂದ ಹಿಂಗವಾ?" ಎಂದು ಮಗಳನ್ನು ಪಿಸುಮಾತಿನಲ್ಲಿ ಕೇಳಿದಳು.

"ಕ್ಯಾಮೆರಾ ಬಂದಾಗಿಂದ" ಎಂದು ನನ್ನ ಹೆಂಡತಿ ಇದ್ದದ್ದನ್ನೇ ಹೇಳಿದಳು.

ಅತ್ತೆಯ ಎಲೆ ಅಡಿಕೆಯ ಸಂಚಿಯಲ್ಲಿ ಗುಡಿಯಿಂದ ತಂದ ಭಂಡಾರ ಸದಾ ಇರುತ್ತದೆ. ನುಣ್ಣಗಿನ ಅರಿಷಿಣದ ಪುಡಿ. ನಾನು ಬಾಯಿಬಿಡುವ ಮೊದಲೇ ಪರದೆ ಎತ್ತಿ ಮುಷ್ಟಿ ಬಿಚ್ಚಿದಳು. ಕ್ಯಾಮೆರಾ ನನ್ನ ತೊಡೆಯ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಬೇರೆ ದಾರಿ ತೋಚದೆ ಅದರ ಮೇಲೆ ಬೋರಲು ಬಿದ್ದೆ.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ಮಗಳಿಗೆ ಹೇಳಿದಳು, "ನೋಡಿದ್ಯಾ, ಭಂಡಾರ ಮೈಗೆ ತಾಗಿದ ಕೂಡಲೆ ಹೆಂಗ ಅಡ್ಡ ಬಿದ್ದಾ! ನಾ ಸಂಶೆ ಮಾಡಿದ್ದು ಖರೇನ ಐತಿ. ಒಳಗ ಯಾರೋ ಅದಾರ."

ಗುಲಾಲು ಒಲ್ಲೆ ಅಂದವನು

ಮೂಡಲಗಿಯಲ್ಲಿ ಒಂದು ವಾರ್ಡಿನ ಎಲೆಕ್ಷನ್ ಮುಗಿದು, ಗೆದ್ದವನ ಮೆರವಣಿಗೆಯ ಫೋಟೋಕ್ಕೆ ನನ್ನನ್ನು ಕರೆದಿದ್ದರು. ನಮ್ಮ ಕಡೆ ಗೆಲುವೆಂದರೆ ಗುಲಾಲಿನ ಕೆಂಪು ಪುಡಿ. ಹಾರಿಸುವುದು, ಎರಚುವುದು, ಸಿಕ್ಕವರ ಮುಖಕ್ಕೆ ಮೆತ್ತುವುದು. ನಾನು ಕ್ಯಾಮೆರಾಕ್ಕೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಒಂದು ಅಂಗಡಿಯ ಮಾಳಿಗೆ ಹತ್ತಿ, ಅಲ್ಲಿಂದಲೇ ಫೋಟೋ ತೆಗೆದು ಮುಗಿಸಿದೆ. ಬದುಕಿದೆ ಎಂದುಕೊಂಡು ಕೆಳಗಿಳಿದರೆ ಗೆದ್ದವನ ಮಂದಿ ದಾರಿಗಡ್ಡ ನಿಂತಿದ್ದರು.

"ಎಲ್ಲಾರೂ ಕೆಂಪಗಾಗೇವಿ, ನೀವ ಒಬ್ಬರ ಬೆಳ್ಳಗ ಅದೀರಲ್ರಿ! ಬರ್ರಿ, ಹಚ್ಚೂನು."

"ಬ್ಯಾಡ್ರಿ, ಕ್ಯಾಮೆರಾ ಐತಿ" ಎಂದೆ.

"ಗುಲಾಲ ಬ್ಯಾಡ ಅನ್ನಾವ ಆ ಕಡೆಯಾಂವ ಇರಬೇಕ" ಎಂದ ಒಬ್ಬ. ಆ ಮಾತಿನ ಧಾಟಿ ನನಗೆ ಹಿಡಿಸಲಿಲ್ಲ. ಗುಂಪಿನಲ್ಲಿ ನಾಲ್ಕಾರು ಮುಷ್ಟಿಗಳು ಮೇಲೆದ್ದವು. ಕ್ಯಾಮೆರಾ ಅಂಗಿಯೊಳಗೆ ತುರುಕಿಕೊಂಡು ಓಡಿದೆ. ಓಣಿ ಹೊಕ್ಕು, ಅರ್ಧ ತೆರೆದ ಒಂದು ಬಾಗಿಲು ಕಂಡು ಒಳನುಗ್ಗಿ ಚಿಲಕ ಹಾಕಿದೆ.

ಒಳಗೆ ಒಬ್ಬ ಗೃಹಸ್ಥ ತಲೆಗೆ ಕೈಹೊತ್ತು ಕೂತಿದ್ದ. ಅವನ ಹಿಂದೆ ಗೋಡೆಗೆ ಅವನದೇ ಫೋಟೋ ಇದ್ದ ಎಲೆಕ್ಷನ್ ಪೋಸ್ಟರು. ಸೋತವನ ಮನೆ! ಆತ ಎದ್ದು ಬಂದು ನನ್ನನ್ನು ಕೆಳಗಿಂದ ಮೇಲಿನ ತನಕ ನೋಡಿದ. ಒಂದು ಚೂರೂ ಗುಲಾಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ಊರ ತುಂಬ ಗುಲಾಲ ಹಾರಾಕತ್ತೈತಿ, ನೀವ ಹಚ್ಚಿಸ್ಕೊಂಡಿಲ್ಲ. ನಮಗ ಖರೆ ಓಟ ಹಾಕಿದಾವ ಅಂದ್ರ ನೀವ ನೋಡ್ರಿ" ಎಂದು ಕೈಹಿಡಿದು ಕೂರಿಸಿದ. ಒಳಗಿದ್ದ ಹೆಂಡತಿಗೆ ಚಹಾ ಇಡಲು ಕೂಗಿ ಹೇಳಿದ. ನನ್ನ ಓಟು ಗೋಕಾಕದಲ್ಲಿದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಹೊರಗೆ ಗುಲಾಲಿತ್ತು. ಸುಮ್ಮನೆ ತಲೆ ಆಡಿಸಿ ಚಹಾ ಕುಡಿಯುತ್ತ ಕೂತೆ.

ಆತ ಮಾತ್ರ ಇದ್ದಕ್ಕಿದ್ದಂತೆ ಏನೋ ಲೆಕ್ಕಹಾಕಲು ಶುರುಮಾಡಿದ.

"ಅಲ್ರಿ, ನನಗ ಬಿದ್ದದ್ದ ಎರಡ ಓಟು. ಒಂದು ನಂದು. ಇನ್ನೊಂದು ಇಷ್ಟೊತ್ತನಕಾ ನನ್ನ ಹೇಣ್ತೀದು ಅಂತ ತಿಳಕೊಂಡಿದ್ನಿ" ಎಂದು ಮೆಲ್ಲಗೆ ಅಡಿಗೆಮನೆಯ ಕಡೆ ತಿರುಗಿದ.

ನಾನು ಬಶಿಯಲ್ಲಿದ್ದ ಚಹಾ ಅಲ್ಲೇ ಬಿಟ್ಟು ಗುಲಾಲಿನ ಕಡೆಗೇ ಓಡಿದೆ.

ಘಟಪ್ರಭಾದ ಔಷಧದ ಅಂಗಡಿ

ಧೂಳು ತೆಗೆಯಲು ಕೈ ಹಚ್ಚಬಾರದು, ರಬ್ಬರ್ ಬುಡ್ಡಿಯಿಂದ ಗಾಳಿ ಊದಬೇಕು ಎಂದು ಯಾರೋ ಹೇಳಿದರು. ಎಲ್ಲಿ ಸಿಗುತ್ತದೆ ಎಂದರೆ ಔಷಧದ ಅಂಗಡಿಯಲ್ಲಿ, ಎನಿಮಾ ಕೊಡುವ ಬುಡ್ಡಿಯೇ ಸಾಕು ಎಂದರು. ಗೋಕಾಕದಲ್ಲಿ ಕೇಳಲು ನಾಚಿಕೆ. ಎಲ್ಲರೂ ಗುರುತಿನವರೇ. ಅದಕ್ಕೆ ಬಸ್ಸು ಹತ್ತಿ ಘಟಪ್ರಭಾಕ್ಕೆ ಹೋದೆ.

"ಯಾರಿಗ್ರಿ? ಕೂಸಿಗೋ, ದೊಡ್ಡವರಿಗೋ?" ಎಂದು ಅಂಗಡಿಯವನು ಕೇಳಿದ.

"ಕ್ಯಾಮೆರಾಕ್ಕರಿ."

ಆತ ನನ್ನ ಮುಖವನ್ನೇ ನೋಡಿದ. ಆಮೇಲೆ ಕೌಂಟರಿನ ಮೇಲೆ ಬಾಗಿ, ದನಿ ತಗ್ಗಿಸಿ, ಬಹಳ ಕರುಣೆಯಿಂದ ಹೇಳಿದ, "ಇದರಾಗ ನಾಚೂದು ಏನೈತ್ರಿ? ಎಲ್ಲಾರಿಗೂ ಆಗ್ತೈತಿ."

"ಇಲ್ರಿ, ಖರೇನ ಕ್ಯಾಮೆರಾಕ್ಕ. ಒಳಗ ಧೂಳ ಕುಂತಿರತೈತಿ."

"ಇರಲಿ ಇರಲಿ, ಕ್ಯಾಮೆರಾ ಅಂತನ ಅನ್ನೂನು. ಸ್ವಚ್ಛ ಆಗಿ ಎಷ್ಟ ದಿನಾ ಆತು?"

"ತಂದಾಗಿಂದ ಒಮ್ಮೀನೂ ಮಾಡಿಲ್ರಿ. ಒಂದ ವರ್ಷ ಆಗಿರಬೇಕ."

ಕಟ್ಟುತ್ತಿದ್ದ ಪುಡಿಕೆಯನ್ನು ಆತ ತಟ್ಟನೆ ಹಿಂದಕ್ಕೆ ಎಳೆದುಕೊಂಡ.

"ಒಂದ ವರ್ಷ! ಯಪ್ಪಾ, ಇದು ಬುಡ್ಡಿಗೆ ಬಗ್ಗೂ ಕೇಸಲ್ಲ. ರೋಡ ದಾಟಿದ್ರ ದವಾಖಾನಿ ಐತಿ, ಕುಂಡರಾಕ ಹೋಗಬ್ಯಾಡ್ರಿ, ನಿಂತ ಕಾಲ ಮ್ಯಾಲೆ ಹೋಗ್ರಿ."

ಹುಕ್ಕೇರಿಯಲ್ಲಿ ಎರಡು ಮಚ್ಚೆ

ಇದೆಲ್ಲ ಆದ ಮೇಲೆ ನಾನು ಲೆನ್ಸ್ ಬಿಚ್ಚುವುದನ್ನೇ ಬಿಟ್ಟೆ. ಬಾಯಿ ತೆರೆದರೆ ತಾನೇ ಧೂಳು ಹೋಗುವುದು? ಒಂದೇ ಲೆನ್ಸಿನಲ್ಲಿ ಕೆಲಸ ಸಾಗಿತು. ಅಂಜಿಕೆ ಸ್ವಲ್ಪ ಇಳಿಯಿತು, ಊಟ ರುಚಿಸತೊಡಗಿತು.

ಅಷ್ಟರಲ್ಲಿ ಒಂದು ದಿನ ಹುಕ್ಕೇರಿಯಿಂದ ಮೋಟರ್ ಸೈಕಲ್ ಮೇಲೆ ಒಬ್ಬ ಬಂದ. "ಹಿರ್ಯಾರು ಕುಂತಾರ. ಕ್ಯಾಮೆರಾ ತಗೊಂಡ ಲಗೂನ ಬರಬೇಕಂತ್ರಿ" ಎಂದ. ಅಲ್ಲಿನ ಒಬ್ಬ ಕಾಳಿನ ವ್ಯಾಪಾರಿ ಸ್ವಲ್ಪ ದಿನದ ಹಿಂದೆ ಮಗಳನ್ನು ಕರೆತಂದು, ವರನ ಕಡೆಯವರಿಗೆ ತೋರಿಸಲು ನನ್ನಲ್ಲಿ ಫೋಟೋ ತೆಗೆಸಿದ್ದ. ಮಾತು ಗಟ್ಟಿಯಾಗಿರಬೇಕು, ಫೋಟೋ ತೆಗೆಯಲು ಕರೆದಿರಬೇಕು ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಒಂದು ಬದಿ ಹುಡುಗಿಯ ಮನೆಯವರು, ಎದುರಿಗೆ ಬೆಲ್ಲದ ಬಾಗೇವಾಡಿಯಿಂದ ಬಂದ ಹುಡುಗನ ಕಡೆಯವರು. ಎಲ್ಲರ ಮುಂದೆಯೂ ಉಪ್ಪಿಟ್ಟಿನ ತಾಟು, ಯಾರೂ ಮುಟ್ಟಿಲ್ಲ. ತಿನ್ನದೆ ಬಿಟ್ಟ ಉಪ್ಪಿಟ್ಟು ಕಂಡಾಗಲೇ ಇದು ಶುಭಕಾರ್ಯದ ಕರೆಯಲ್ಲ ಎಂದು ತಿಳಿಯಿತು. ಹಿಂದೆ ಬಾಗಿಲು ಮುಚ್ಚಿದ ಸಪ್ಪಳವೂ ಕೇಳಿಸಿತು.

ನಡುವೆ ಹುಡುಗನ ಅಜ್ಜಿ ಕೂತಿದ್ದಳು. ಆ ಮನೆಯಲ್ಲಿ ಅವಳ ಮಾತೇ ಕೊನೆಯದು ಎಂಬುದು ಉಳಿದವರು ಕೂತ ರೀತಿಯಲ್ಲೇ ತಿಳಿಯುತ್ತಿತ್ತು. ನನ್ನ ಸ್ಟುಡಿಯೋದ ಒಂದು ಫೋಟೋ ಎತ್ತಿ ಹಿಡಿದು ಕೇಳಿದಳು, "ಈ ಹುಡುಗಿ ಯಾರಪಾ?"

"ಇವರ ಮಗಳರಿ" ಎಂದೆ.

"ಎಡಗಲ್ಲದ ಮ್ಯಾಲೆ ಮಚ್ಚಿ ಐತಿ, ಹೌದಲ್ಲ? ಈಗ ಆ ಹುಡುಗಿ ನೋಡ."

ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಡಗೆನ್ನೆ ಕೆಂಪಗಾಗಿತ್ತು. ಮಚ್ಚೆಯನ್ನು ಪೌಡರಿನಿಂದ ಮುಚ್ಚಿದ್ದಾರೇನೋ ಎಂದು ಅಜ್ಜಿ ಒದ್ದೆ ಅರಿವೆಯಿಂದ ತಿಕ್ಕಿ ನೋಡಿದ್ದಳಂತೆ. ಮಚ್ಚೆ ಇರಲಿಲ್ಲ.

"ಫೋಟೋದಾಗ ಒಬ್ಬಾಕಿ, ಇಲ್ಲಿ ಒಬ್ಬಾಕಿ. ನಮಗೇನ ಕಣ್ಣ ಕಾಣೂದಿಲ್ಲೇನ?" ಎಂದಳು ಅಜ್ಜಿ.

ಹುಡುಗಿಯ ತಂದೆ ತಡೆಯಲಾರದೆ ಇನ್ನೊಂದು ಫೋಟೋ ನನ್ನ ಕೈಗೆ ತುರುಕಿದ. "ಹಂಗಾರ ಇದನ್ನೂ ನೋಡ್ರಿ! ಇವರ ಹುಡುಗಂದು. ಇವನ ಗಲ್ಲದ ಮ್ಯಾಲೂ ಮಚ್ಚಿ ಐತಿ. ಕುಂತ ಹುಡುಗಗ ಎಲ್ಲೈತಿ? ಅಣ್ಣನ ಫೋಟೋ ಕಳಿಸಿ ತಮ್ಮನ್ನ ಕರಕೊಂಡ ಬಂದಾರ!"

ಅದೂ ನನ್ನ ಸ್ಟುಡಿಯೋದ್ದೇ. ಎರಡನ್ನೂ ಒಂದರ ಪಕ್ಕ ಒಂದು ಹಿಡಿದೆ. ಅದೇ ಸ್ಟೂಲು, ಅದೇ ಅಂತರ, ಅದೇ ಎಡಗೆನ್ನೆ, ಅದೇ ಅಳತೆಯ ಕಪ್ಪು ಚುಕ್ಕೆ. ಬೇರೆಯವರ ಮುಖದ ಚುಕ್ಕೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿಯೇ ಕೊಡುತ್ತಿದ್ದೆ, ವರಕನ್ಯೆಯರ ಫೋಟೋದಲ್ಲಿ ಮಾತ್ರ ಮಚ್ಚೆ ಅಳಿಸಿದರೆ ನಾಳೆ ಮೋಸ ಎನ್ನುತ್ತಾರೆಂದು ನಾನು ಎರಡನ್ನೂ ಮುಟ್ಟದೆ ಬಿಟ್ಟಿದ್ದೆ. ನಾನು ಹಗಲಿರುಳು ಅಂಜುತ್ತಿದ್ದದ್ದು ಯಾವಾಗಲೋ ಒಳಗೆ ಹೋಗಿ ಕೂತುಬಿಟ್ಟಿತ್ತು.

ಖರೆ ಹೇಳಿದರೆ ಸ್ಟುಡಿಯೋ ಮುಳುಗಿತು. ಮಂದಿಯ ಮುಖಕ್ಕೆ ಮಚ್ಚೆ ಅಂಟಿಸುವವನ ಹತ್ತಿರ ಯಾರು ಬರುತ್ತಾರೆ? ಹೇಳದಿದ್ದರೆ ಆ ಹುಡುಗಿ ಊರವರ ಬಾಯಲ್ಲಿ ಬದಲಿ ಹುಡುಗಿಯಾಗಿ ಉಳಿಯುತ್ತಾಳೆ. ಅವಳ ಕೆಂಪು ಕೆನ್ನೆ ನೋಡಲಾಗಲಿಲ್ಲ.

"ಮಚ್ಚಿ ಇವರಿಗೂ ಇಲ್ಲ, ಅವರಿಗೂ ಇಲ್ರಿ. ಕ್ಯಾಮೆರಾಕ್ಕ ಐತಿ" ಎಂದೆ.

ಯಾರೂ ನಂಬಲಿಲ್ಲ. ಎದುರಿನ ಸುಣ್ಣದ ಗೋಡೆಯ ಫೋಟೋ ತೆಗೆದು, ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದೆ. ಗೋಡೆಗೂ ಮಚ್ಚೆ ಇತ್ತು. ಅಜ್ಜಿಯನ್ನೇ ಕೂರಿಸಿ ತೆಗೆದೆ. ಅಜ್ಜಿಗೂ ಬಂತು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಉಳಿದವರೆಲ್ಲ ಅವಳನ್ನೇ ನೋಡುತ್ತಿದ್ದರು. ಕೊನೆಗೆ, "ಮಚ್ಚಿ ನನಗ ಒಪ್ಪತೈತಿ" ಎಂದಳು.

ಆಮೇಲೆ ಗೊತ್ತಾಯಿತು. ಮೊಮ್ಮಗನ ಫೋಟೋದಲ್ಲಿ ಅವನಿಗಿಲ್ಲದ ಮಚ್ಚೆ ಮೂಡಿದ್ದನ್ನು ಅಜ್ಜಿ ದೇವರು ಕೊಟ್ಟ ಗುರುತು ಎಂದುಕೊಂಡಿದ್ದಳು. ಎಷ್ಟೋ ಸಂಬಂಧ ಬೇಡವೆಂದವಳು ಇದಕ್ಕೆ ಒಪ್ಪಿದ್ದೇ ಹುಡುಗಿಗೂ ಅದೇ ಜಾಗದಲ್ಲಿ ಮಚ್ಚೆ ಇದೆಯೆಂದು. ಈಗ ಮಚ್ಚೆಯೇ ಇಲ್ಲ. ಅವಳು ಮೊಮ್ಮಗನ ಕಡೆ ತಿರುಗಿದಳು. "ನಿನ್ನ ಮನಸ್ಸಿನ್ಯಾಗ ಏನೈತಿ?"

"ನಾ ಮಚ್ಚಿ ನೋಡೇ ಇಲ್ಲಬೇ" ಎಂದ ಹುಡುಗ ತಲೆ ತಗ್ಗಿಸಿ. ಅಡಿಗೆಮನೆಯ ಬಾಗಿಲಲ್ಲಿ ಹುಡುಗಿ ನಕ್ಕಳು. ಮಂದಿ ಉಪ್ಪಿಟ್ಟಿಗೆ ಕೈಹಾಕಿದರು. ನಾನೂ ಕ್ಯಾಮೆರಾ ಎತ್ತಿಕೊಂಡು ಎದ್ದೆ.

ಆದರೆ ಅಜ್ಜಿ ನನ್ನನ್ನು ಬಿಡಲಿಲ್ಲ. "ನಿಲ್ಲಪಾ. ಮಚ್ಚಿ ಕೂಡಿದ ಜೋಡಿ ಅಂತ ನಾ ಬಾಗೇವಾಡಿ ತುಂಬ ಹೇಳಿ ಬಂದೇನಿ. ಈಗ ಧೂಳ ಅಂತ ಹೆಂಗ ಹೇಳ್ಲಿ? ಮದುವಿ ಫೋಟೋ ನೀನ ತೆಗೀಬೇಕು. ಇಬ್ಬರದೂ ಬ್ಯಾರೆ ಬ್ಯಾರೆ ತೆಗಿ, ಗಲ್ಲದ ಮ್ಯಾಲೆ ಮಚ್ಚಿ ಬರ್ಲೇಬೇಕು. ಅಲ್ಲೀಮಟಾ ಆ ಧೂಳ ಕೂತ ಜಾಗಾ ಬಿಟ್ಟ ಅಲಗ್ಯಾಡಿತೋ, ನಿನ್ನ ಕೇಳತೇನಿ."

ಕ್ಯಾಮೆರಾ ಎದೆಗವಚಿಕೊಂಡು ಹೊರಬಿದ್ದೆ. ಮೋಟರ್ ಸೈಕಲ್ಲಿನವನು ಗೋಕಾಕದ ದಾರಿ ಹಿಡಿದ. ಮುಂದೆ ಕಬ್ಬಿನ ಟ್ರ್ಯಾಕ್ಟರು, ರಸ್ತೆ ತುಂಬ ತೆಗ್ಗು.

"ಸಾವಕಾಶ ಹೊಡೀಪಾ, ಸಾವಕಾಶ!" ಎಂದು ಕೂಗಿದೆ.

"ಯಾಕ್ರಿ, ಧೂಳ ಒಳಗ ಹೋಗ್ತೈತೇನ್ರಿ?"

"ಹೋದ್ರ ಹೋಗ್ಲೋ ಯಪ್ಪಾ! ಒಳಗ ಇದ್ದದ್ದು ಹೊರಗ ಬಿದ್ದೀತು!"