ಒಂದು ಸಂಜೆ ರಜೆ ಹಾಕಬೇಕೆಂದು ಬೀದಿದೀಪದವರಲ್ಲಿ ವಿನಂತಿ

ಮಾನ್ಯ ಬೀದಿದೀಪದವರೇ,

ನಮ್ಮ ಮಾಳಿಗೆಯ ಎದುರಿನ ಕಂಬದ ತುದಿಯಲ್ಲಿ ವಿರಾಜಮಾನರಾಗಿ, ಸೂರ್ಯ ಮುಳುಗುವ ಮೊದಲೇ ಕೆಲಸಕ್ಕೆ ಹಾಜರಾಗಿ, ಮರುದಿನ ಅವನು ಬಂದು ಕುಳಿತ ಮೇಲೂ ಎದ್ದು ಹೋಗಲು ಸಂಕೋಚಪಡುವ ತಮ್ಮ ಪಾದಕ್ಕೆ, ಅಂದರೆ ಸಿಮೆಂಟಿನ ಬುಡಕ್ಕೆ, ಈ ಮನೆಯ ಹೊಸ ಸೊಸೆಯ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂಬ ಸಮಾಚಾರ ನಮ್ಮ ಮಲಗುವ ಕೋಣೆಯ ಗೋಡೆಯ ಮೇಲೆ ಪ್ರತಿ ರಾತ್ರಿ ತಲುಪುತ್ತಿದೆ. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಕನ್ನಡದಲ್ಲಿ ನನಗೆ ತಪ್ಪಿಲ್ಲದೆ ಬರೆಯಲು ಬರುವುದು ರಜೆ ಅರ್ಜಿಯೊಂದೇ. ಈ ದೂರು ನಡುನಡುವೆ ರಜೆ ಅರ್ಜಿಯಂತೆ ಕಂಡರೆ ಬೇಸರಿಸಬಾರದು. ಹಾಗೆ ನೋಡಿದರೆ ಇದು ರಜೆ ಅರ್ಜಿಯೇ. ರಜೆ ಮಾತ್ರ ತಮ್ಮದು.

ವಿಷಯಕ್ಕೆ ಬರುತ್ತೇನೆ. ನನ್ನ ಗಂಡನ ಬಳಿ ಒಂದು, ನನ್ನ ಬಳಿ ಒಂದು, ಹೀಗೆ ಎರಡು ಪುಟ್ಟ ಟೆಲಿಸ್ಕೋಪುಗಳು ಮದುವೆಗೆ ಮೊದಲೇ ಇದ್ದವು, ಮತ್ತು ನಮ್ಮ ಮದುವೆಗೆ ನಿಜವಾದ ಕಾರಣವೂ ಅವೇ ಎಂದು ನಾನು ನಂಬಿದ್ದೇನೆ. ನನ್ನದು ಗಿಡ್ಡ, ಮೇಜಿನ ಮೇಲೆ ಕೂರುತ್ತದೆ. ಅವರದು ಉದ್ದ, ಬಡಕಲು, ಮೂರು ಕಾಲಿನದು. ಅದರಲ್ಲೊಂದು ಕಾಲಿನ ತಿರುಪು ಸಡಿಲವಾಗಿರುವುದರಿಂದ ಸ್ವಲ್ಪ ಹೊತ್ತು ಬಿಟ್ಟರೆ ಯಾರೋ ಹಿರಿಯರು ಬಂದಂತೆ ತಾನಾಗಿ ತಲೆ ಬಗ್ಗಿಸುತ್ತದೆ. ಅವರಷ್ಟೇ ವಿನಯ ಅವರ ಟೆಲಿಸ್ಕೋಪಿಗೂ ಇದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ಈ ಬೇಸಿಗೆಯಲ್ಲಿ, ಸೆಖೆಗೆ ಹೇಗೂ ಯಾರೂ ಒಳಗೆ ಕೂರಲಾರರಲ್ಲ, ಬಂಧುಗಳನ್ನೆಲ್ಲ ಒಂದು ಶನಿವಾರ ಸಂಜೆ ಮಾಳಿಗೆಗೆ ಕರೆದು ಆಕಾಶ ತೋರಿಸೋಣವೆಂದು ನಾವಿಬ್ಬರೂ ನಿಶ್ಚಯಿಸಿದೆವು. ಸೊಸೆಯಾಗಿ ಇದು ನನ್ನ ಮೊದಲ ಕಾರ್ಯಕ್ರಮ. ಹಾಗಾಗಿ ಆಹ್ವಾನವನ್ನು ನಾನೇ, ಅಚ್ಚ ಕನ್ನಡದಲ್ಲಿ, ಮನೆಯವರ ವಾಟ್ಸಾಪ್ ಗುಂಪಿಗೆ ಬರೆದು ಕಳಿಸಿದೆ: 'ಶನಿವಾರ ತಪ್ಪದೇ ಬನ್ನಿ. ಚಿಕ್ಕವರು ದೊಡ್ಡವರು ಅಂತ ನೋಡುವುದಿಲ್ಲ, ಒಬ್ಬರನ್ನೂ ಬಿಡದೆ ಎಲ್ಲರಿಗೂ ನಕ್ಷತ್ರ ತೋರಿಸುತ್ತೇನೆ.'

ಈ ವಾಕ್ಯಕ್ಕೆ ಇನ್ನೊಂದು ಅರ್ಥವಿದೆ ಎಂದು ನನ್ನ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾದಿನಿ ಅಡುಗೆಮನೆಯಿಂದಲೇ ಕೂಗಿ, "ಅತ್ತಿಗೆ, ಬರೋರು ಹೆಲ್ಮೆಟ್ ಹಾಕ್ಕೊಂಡೇ ಬರ್ಬೇಕಾ?" ಎಂದಳು. ನನ್ನ ಮಾವನ ಅಣ್ಣ, ಅಂದರೆ ಗಣಿತದ ಮೇಷ್ಟರಾಗಿ ನಿವೃತ್ತರಾದ ದೊಡ್ಡ ಮಾವ, ಫೋನ್ ಮಾಡಿ ತಮ್ಮನಿಗೆ, "ಏನಯ್ಯಾ, ಮದುವೆ ಫೋಟೋನೇ ಇನ್ನೂ ಬಂದಿಲ್ಲ, ಆಗ್ಲೇ ಸೊಸೆ ಕೈಗೆ ಬಡಿಗೆ ಕೊಟ್ಟುಬಿಟ್ಯಾ?" ಎಂದು ಕೇಳಿದರು. ಎಲ್ಲರೂ ಬರುತ್ತೇವೆಂದು ಒಪ್ಪಿದರು. ಸಾದಾ ಆಹ್ವಾನಕ್ಕೆ ಅಷ್ಟು ಜನ ಒಪ್ಪುತ್ತಿರಲಿಲ್ಲ.

ಇನ್ನು ತಮ್ಮ ಪಾತ್ರ. ಹೋದ ಭಾನುವಾರ ರಾತ್ರಿ ಊಟಕ್ಕೆ ಮೊದಲು, ತಾಲೀಮಿಗೆಂದು ನಾವು ಎರಡೂ ಟೆಲಿಸ್ಕೋಪುಗಳನ್ನು ಮಾಳಿಗೆಗೆ ಹೊತ್ತೆವು, ಮನೆಯವರೆಲ್ಲ ಹಿಂದೆಯೇ ಹತ್ತಿ ಬಂದರು. ಮಾನ್ಯರೇ, ತಮ್ಮ ಔದಾರ್ಯವನ್ನು ಯಾವ ಬಾಯಿಂದ ಹೊಗಳಲಿ! ಬೀದಿಗೆಂದು ಕೊಟ್ಟ ಬೆಳಕನ್ನು ಬೀದಿಗಷ್ಟೇ ಸೀಮಿತಗೊಳಿಸದೆ ನಮ್ಮ ನೀರಿನ ಟ್ಯಾಂಕಿಗೆ, ಒಣಹಾಕಿದ ಕಾಲುಚೀಲಗಳಿಗೆ, ಮೇಲೆ ಮೋಡಗಳಿಗೂ ಹಂಚಿದ್ದೀರಿ. ಕೋಟ್ಯಂತರ ನಕ್ಷತ್ರಗಳು ಒಟ್ಟಾಗಿ ಮಾಡಲಾಗದ ಕೆಲಸವನ್ನು ತಾವು ಒಬ್ಬರೇ ಮಾಡಿ, ಅವುಗಳಿಗೆಲ್ಲ ವಿಶ್ರಾಂತಿ ಕೊಟ್ಟಿದ್ದೀರಿ. ಆಕಾಶ ಆಗತಾನೇ ಒರೆಸಿದ ಸ್ಲೇಟಿನ ಹಾಗೆ ಬೂದುಬೂದಾಗಿತ್ತು. ನಾನು ಮಾತ್ರ ಎಡಬಿಡದೆ ಮಾತಾಡುತ್ತಾ, ಇಲ್ಲಿ ಅದು, ಅಲ್ಲಿ ಇದು ಎಂದು ಖಾಲಿ ಜಾಗಗಳನ್ನೇ ಕೈಮಾಡಿ ತೋರಿಸುತ್ತಿದ್ದೆ. ಆಗ ನನ್ನ ಮಾವ ಗಂಡನ ಟೆಲಿಸ್ಕೋಪಿಗೆ ಕಣ್ಣಿಟ್ಟರು, ಅದು ಎಂದಿನಂತೆ ಮೆಲ್ಲನೆ ತಲೆ ಬಗ್ಗಿಸಿತು, ಮಾವ ಜೋರಾಗಿ, "ಅಬ್ಬಬ್ಬಾ, ಏನ್ ಹೊಳಪಮ್ಮಾ! ಇದೇ ಶುಕ್ರ ತಾನೇ?" ಎಂದರು. ನಾನು ನಳಿಗೆಯ ದಿಕ್ಕು ನೋಡಿದೆ. ಅದು ನೇರ ತಮ್ಮ ಮುಖಕ್ಕೇ ತಿರುಗಿತ್ತು.

ಅಲ್ಲವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಇಡೀ ಮನೆ ಚಪ್ಪಾಳೆ ತಟ್ಟಿತು. ಮರುದಿನ ಮಾವ ಅಣ್ಣನಿಗೆ ಫೋನ್ ಮಾಡಿ, "ನನ್ ಸೊಸೆ ಶುಕ್ರನ್ನ ಮನೆ ಮುಂದೆಯೇ ತಂದು ನಿಲ್ಲಿಸಿದಾಳೆ, ಶನಿವಾರ ಬಾ, ಗೊತ್ತಾಗುತ್ತೆ" ಎಂದುಬಿಟ್ಟರು. ಮದುವೆಯಾಗಿ ಬಂದಾಗಿನಿಂದ ನನ್ನ ಅರ್ಧಂಬರ್ಧ ಕನ್ನಡವನ್ನು ಒಮ್ಮೆಯೂ ಆಡಿಕೊಳ್ಳದ ಮನುಷ್ಯ, ಎಲ್ಲ ಬಂಧುಗಳ ಎದುರಿಗೆ, ಎಲ್ಲರನ್ನೂ ಆಡಿಕೊಳ್ಳುವ ಅಣ್ಣನ ಕೈಗೆ ಸಿಕ್ಕಿ ನಗೆಪಾಟಲಾಗುವುದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಆದಕಾರಣ ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ತಾವು ಶನಿವಾರ ಒಂದು ಸಂಜೆ ರಜೆ ಹಾಕಬೇಕು. ತೀವ್ರ ಜ್ವರದಿಂದ ಬಳಲುತ್ತಿದ್ದೇನೆ ಎಂಬ ಕಾರಣ ಎಲ್ಲ ಕಡೆಯೂ ನಡೆಯುತ್ತದೆ. ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ. ರಜೆ ಸಾಧ್ಯವಿಲ್ಲವಾದರೆ ಡಿಮ್ ಆದರೂ ಮಾಡಿ. ಮಾವ ಜೀವಮಾನವೆಲ್ಲ ಬಸ್ ಓಡಿಸಿದವರು. ಎದುರಿನಿಂದ ಗಾಡಿ ಬಂದರೆ ಬೆಳಕು ತಗ್ಗಿಸುವುದು ಮರ್ಯಾದೆ ಎನ್ನುತ್ತಾರೆ. ಎದುರಿನಿಂದ ಇಡೀ ಆಕಾಶಗಂಗೆ ಬರುತ್ತಿರುವಾಗ ತಾವು ಹೈಬೀಮಿನಲ್ಲೇ ನಿಂತಿರುವುದು ತಮ್ಮ ಘನತೆಗೆ ಒಪ್ಪುವುದಿಲ್ಲ. ಅದೂ ಆಗದಿದ್ದರೆ, ದಯವಿಟ್ಟು ಶುಕ್ರನೇ ಆಗಿಬಿಡಿ: ಸ್ವಲ್ಪ ಸಣ್ಣಗಾಗಿ, ಪಶ್ಚಿಮಕ್ಕೆ ಸರಿದು, ಹೊತ್ತಿಗೆ ಸರಿಯಾಗಿ ಮುಳುಗಿ.

ಇಷ್ಟು ಬರೆದು ನಿನ್ನೆ ಸಂಜೆ ವರಾಂಡದಲ್ಲಿ ಕೂತಿದ್ದೆ. ಮಾವ ಎಂದಿನಂತೆ ಗೇಟಿನ ಬಳಿ ನಿಂತು ತಮ್ಮನ್ನೇ ನೋಡುತ್ತಿದ್ದರು. ಆಗ ಅತ್ತೆ ಹೇಳಿದರು: ಈ ಬೀದಿಗೆ ತಮ್ಮನ್ನು ಕರೆತಂದವರು ಮಾವನೇ ಅಂತೆ. ನಾದಿನಿ ನರ್ಸಿಂಗ್ ತರಗತಿ ಮುಗಿಸಿ ಕತ್ತಲಲ್ಲಿ ನಡೆದು ಬರುತ್ತಾಳೆಂದು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರಂತೆ, ದೊಡ್ಡ ಮಾವ "ನಿನ್ ಬೀದೀಲಿ ದೀಪ ಉರಿದಾಗ ಹೇಳು, ನೋಡೋಕ್ ಬರ್ತೀನಿ" ಎಂದು ನಕ್ಕಿದ್ದರಂತೆ. ನನಗೆ ನಾಚಿಕೆಯಾಗಿ, ಎದ್ದು ಹೋಗಿ ಮಾವನಿಗೆ ಎಲ್ಲ ಹೇಳಿಬಿಟ್ಟೆ: ಅದು ಶುಕ್ರ ಅಲ್ಲ ಮಾವ, ಅದು ನಿಮ್ಮ ದೀಪ.

"ಗೊತ್ತಮ್ಮಾ," ಎಂದರು ಮಾವ. "ಶುಕ್ರನ ಸುತ್ತ ಹುಳ ಹಾರಾಡ್ತಾವಾ? ನನ್ ದೀಪ ನನಗೆ ಗುರುತು ಸಿಗಲ್ವಾ? ನೀನು ಅಷ್ಟೊಂದು ಆಸೆಯಿಂದ ತೋರಿಸ್ತಾ ಇದ್ದೆ. ಏನೂ ಕಾಣಿಸ್ತಿಲ್ಲ ಅಂತ ಹೆಂಗಮ್ಮಾ ಹೇಳೋದು?"

ಮಾನ್ಯರೇ, ಮೇಲಿನ ದೂರನ್ನು ಪೂರ್ತಿಯಾಗಿ ಹಿಂತೆಗೆದುಕೊಂಡಿದ್ದೇನೆ. ಮನೆಯಲ್ಲೇ ಬಟ್ಟೆ ಹೊಲಿಯುವ ಅತ್ತೆ ಹಳೆಯ ಕಪ್ಪು ಪರದೆಗಳನ್ನು ಜೋಡಿಸಿ, ಮಾಳಿಗೆಯ ಹಗ್ಗಕ್ಕೆ ಇಳಿಬಿಡಲು ಒಂದು ಅಡ್ಡಗೋಡೆಯನ್ನೇ ಹೊಲಿಯುತ್ತಿದ್ದಾರೆ. ಕಾರ್ಯಕ್ರಮವನ್ನು ಮಾವ ಬದಲಿಸಿದ್ದಾರೆ: "ಮೊದಲು ಅಣ್ಣನಿಗೆ ನನ್ ದೀಪ, ಆಮೇಲೆ ಪರದೆ ಎಳೆದು ನಿನ್ ನಕ್ಷತ್ರ. ನೋಡೋಕ್ ಬರ್ತೀನಿ ಅಂದಿದ್ದ, ನೋಡ್ಲಿ." ಆದ್ದರಿಂದ ತಾವು ಶನಿವಾರ ಯಾವ ಕಾರಣಕ್ಕೂ ರಜೆ ಹಾಕಕೂಡದು. ಜ್ವರವಿದ್ದರೂ ಬನ್ನಿ. ದೊಡ್ಡ ಮಾವ ಕಣ್ಣಿಡುವ ಆ ಒಂದು ಗಳಿಗೆ, ಬೆಳಕನ್ನು ಎಳ್ಳಷ್ಟೂ ಉಳಿಸಿಕೊಳ್ಳಬೇಡಿ.

ತಮ್ಮ ಬೆಳಕಿನಲ್ಲೇ ಕೂತು ಇದನ್ನು ಬರೆದ
ತಮ್ಮ ವಿಶ್ವಾಸಿ,
ಎದುರು ಮನೆಯ ಸೊಸೆ

ವಿ. ಸೂ.: ತಮ್ಮ ಜೊತೆಯಲ್ಲೇ ಕೆಲಸಕ್ಕೆ ಸೇರಿ ಪಕ್ಕದ ಬೀದಿಯ ಕಂಬ ಏರಿದ ತಮ್ಮ ತಮ್ಮನವರು ವಾರ ತುಂಬುವ ಮೊದಲೇ ಕಣ್ಣು ಮುಚ್ಚಿದವರು ಇನ್ನೂ ತೆರೆದಿಲ್ಲ. ಅವರ ಬೀದಿಯಿಂದ ಆಕಾಶ ಬಹಳ ಚೆನ್ನಾಗಿ ಕಾಣುತ್ತದೆಂದು ಹೇಳಲು ಹೋದ ನನ್ನನ್ನು ಅಲ್ಲಿನವರು ನೋಡಿದ ಬಗೆಗೆ ನನಗೆ ನಕ್ಷತ್ರ ಹಗಲಲ್ಲೇ ಇನ್ನಷ್ಟು ಚೆನ್ನಾಗಿ ಕಂಡಿತು.