ಮಣಿಕೊಂಡದಲ್ಲಿ ಪುರಾಣ ಹಚ್ಚಿದ್ದು

ದೇವರನ್ನು ಫ್ರಿಜ್ಜಿನ ಮೇಲೆ ಕೂರಿಸಿದರೆ ಏನಾಗುತ್ತದೆ ಎಂಬುದು ಯಾವ ಶಾಸ್ತ್ರಿಗೂ ಗೊತ್ತಿರಲಾರದು. ಗುರುದೇವಮ್ಮನಿಗೆ ಗೊತ್ತಿತ್ತು. ದೇವರು ತಿರುಗುತ್ತಾನೆ.

ಬೆಳಗಿನ ಪೂಜೆಯಲ್ಲಿ ನೆಟ್ಟಗೆ ತನ್ನತ್ತ ಮುಖ ಮಾಡಿ ಕೂರಿಸಿದ ಹಿತ್ತಾಳೆಯ ಬಸವಣ್ಣ, ಫ್ರಿಜ್ಜು ಗುರ್ರೆಂದು ಮೈ ನಡುಗಿಸಿದಾಗ ಒಂದು ಎಳ್ಳಿನಷ್ಟು ಹೊರಳುತ್ತಿದ್ದ. ಮತ್ತೆ ಗುರ್ರೆಂದರೆ ಮತ್ತೊಂದು ಎಳ್ಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಭಕ್ತರಿಗೆ ಬಾಲ ತೋರಿಸಿ, ಮುಸುರೆ ಪಾತ್ರೆಗಳ ಕಡೆ ದಿವ್ಯದೃಷ್ಟಿ ಬೀರುತ್ತ ಕೂತಿರುತ್ತಿದ್ದ. ಯಲ್ಲಮ್ಮನ ಪಟ ಮೈಕ್ರೋವೇವಿಗೆ ಒರಗಿತ್ತು. (ಅನ್ನ ಬಿಸಿಯಾದಾಗಲೆಲ್ಲ ಆ ಯಂತ್ರ ಟಿಣ್ ಅನ್ನುತ್ತಿತ್ತು, ಮೊದಲ ವಾರ ಗುರುದೇವಮ್ಮ ಅದು ಗಂಟೆಯ ನಾದವೆಂದು ಕೈಮುಗಿದದ್ದೂ ಉಂಟು.)

ಇದು ಹೈದರಾಬಾದಿನ ಮಣಿಕೊಂಡದ ಒಂದು ಫ್ಲ್ಯಾಟು. ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಬೆಳಿಗ್ಗೆ ಒಣಹಾಕಿದ ಬಿಳಿ ಧೋತ್ರ ಸಂಜೆಗೆ ಸಿಮೆಂಟಿನ ಬಣ್ಣಕ್ಕೆ ಬರುತ್ತಿತ್ತು. ಮಗಳು ದಾನೇಶ್ವರಿ, ಅಳಿಯ ವಿನಾಯಕ ಇಬ್ಬರೂ ಕಂಪ್ಯೂಟರಿನ ಕೆಲಸದವರು. ಸೇಡಂನಲ್ಲಿ ರೈಲು ಹತ್ತಿದ ಗುರುದೇವಮ್ಮ ದೇವರ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಲಿಂಗಂಪಲ್ಲಿಯಲ್ಲಿ ಇಳಿದು ವರ್ಷವಾಗುತ್ತ ಬಂದಿತ್ತು. ಅಂದಿನಿಂದ ಗಂಟು ಬಿಚ್ಚಿದ್ದೂ ಫ್ರಿಜ್ಜಿನ ಮೇಲೆ, ದೇವರು ಉಳಿದದ್ದೂ ಫ್ರಿಜ್ಜಿನ ಮೇಲೆ.

ಮನೆಯಲ್ಲಿ ದೇವರ ಜಗಲಿಗೆ ಜಾಗವಿರಲಿಲ್ಲವೆಂದಲ್ಲ. ಹಾಲ್‌ನ ಮೂಡಣ ಗೋಡೆಯಲ್ಲಿ ಚೆಂದದೊಂದು ಗೂಡುಗಪಾಟು ಇತ್ತು. ದೇವರಿಗೆಂದೇ ಕಟ್ಟಿದ ಹಾಗಿದ್ದ ಆ ಕಪಾಟಿನಲ್ಲಿ ಪಚ್ಚೆಕೋಟೆ ತುಂಬಿತ್ತು.

ಪಚ್ಚೆಕೋಟೆ ಅಂದರೆ ಟೀವಿಗೆ ಹಚ್ಚಿ ಆಡುವ ಆಟ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಗುರುದೇವಮ್ಮ ಡಬ್ಬಿಯ ಮೇಲಿನ ಹಸಿರು ಹರಳು, ಕೋಟೆ ನೋಡಿ ತಾನೇ ನಾಮಕರಣ ಮಾಡಿದ್ದಳು. ಒಂದಲ್ಲ ಎರಡಲ್ಲ, ಒಂಬತ್ತು ಭಾಗ. ಎಲ್ಲದರಲ್ಲೂ ಪಚ್ಚೆ ಕಳೆದುಹೋಗುತ್ತದೆ, ಯಾರೋ ಒಬ್ಬ ಹಳ್ಳಿಯ ಹುಡುಗ ಹುಡುಕಿಕೊಂಡು ಹೊರಡುತ್ತಾನೆ. (ಒಂಬತ್ತು ಸಲ ಕಳೆದರೂ ಒಂದು ಗಟ್ಟಿ ತಿಜೋರಿ ಮಾಡಿಸಬೇಕೆಂದು ಆ ರಾಜವಂಶದ ಯಾರಿಗೂ ಹೊಳೆಯಲಿಲ್ಲವಂತೆ.) ಗಂಡ ಹೆಂಡತಿ ಒಬ್ಬರಿಗೊಬ್ಬರು ಗಂಟುಬಿದ್ದದ್ದೇ ಈ ಆಟದಿಂದ. ಆಫೀಸಿನ ಕ್ಯಾಂಟೀನಿನಲ್ಲಿ ಅವನು ಮೂರನೆಯದೇ ಶ್ರೇಷ್ಠ ಎಂದ, ಅವಳು ಐದನೆಯದು ಎಂದಳು. ಜಗಳ ಊಟದ ಬಿಡುವಿನಲ್ಲಿ ಮುಗಿಯಲಿಲ್ಲ, ಚಹಾದ ಬಿಡುವಿನಲ್ಲಿ ಮುಗಿಯಲಿಲ್ಲ. ಮುಗಿಸಲು ಬೇರೆ ದಾರಿ ಕಾಣದೆ ಮದುವೆಯಾದರು. ಆಗಲೂ ಮುಗಿಯಲಿಲ್ಲ.

ಕಾರಹುಣ್ಣಿಮೆಯ ದಿನ ಗುರುದೇವಮ್ಮ ಬಾಯಿ ಬಿಟ್ಟಳು. ನಾಗರ ಅಮಾಸಿ ಕಳೆದರೆ ಶ್ರಾವಣ. ಶ್ರಾವಣದ ಮೊದಲ ಸೋಮವಾರ ದೇವರು ಫ್ರಿಜ್ಜಿನಿಂದ ಇಳಿದು ಕಪಾಟಿಗೆ ಹೋಗಬೇಕು. ಇಲ್ಲವಾದರೆ ತಾನು ದೇವರನ್ನು ಕಟ್ಟಿಕೊಂಡು ಸೇಡಂ ರೈಲು ಹತ್ತುವವಳೇ.

ಮಗಳು, ಅಳಿಯ ಇಬ್ಬರೂ ಒಳ್ಳೆಯವರು. ಆಗಲಿ ಎಂದರು. ಒಂದೇ ಒಂದು ಆಟವನ್ನು ಟೀವಿಯ ಪಕ್ಕ ಇಟ್ಟುಕೊಳ್ಳುವುದು, ಉಳಿದ ಎಂಟನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಏರಿಸುವುದು. ತಾಯಿಯ ಕಣ್ಣಲ್ಲಿ ನೀರು ಬಂತು. ಆ ನೀರು ಒರೆಸಿಕೊಳ್ಳುವಷ್ಟರಲ್ಲಿ ಒಂದು ಯಾವುದು ಎಂಬ ಪ್ರಶ್ನೆ ಬಂತು.

"ಮೂರನೇದು ಅಂದ್ರ ಬರೀ ಕತ್ತಿ ಬೀಸೋದು. ಐದನೇದರಾಗ ಮನಸೈತಿ," ಎಂದಳು ದಾನೇಶ್ವರಿ.

"ಮನಸ್ಸಲ್ಲ ಮಾರಾಯ್ತಿ, ಮಾತು," ಎಂದ ವಿನಾಯಕ. ಅವನು ಕುಮಟೆಯ ಕಡೆಯವನು, ಏರುದನಿ ಇಲ್ಲದೆಯೇ ಚುಚ್ಚಬಲ್ಲ. "ಐದನೇದ್ರಲ್ಲಿ ಕುದುರೆ ಹತ್ತೋ ಮೊದ್ಲು ಅರ್ಧ ತಾಸು ಮಾತಾಡ್ತಾರೆ."

"ನಿಮ್ಮ ಮೂರನೇದರಾಗ ಕುದುರಿನೇ ಇಲ್ಲಲ್ರಿ."

"ನಡ್ಕೊಂಡು ಹೋಗೋರ ಕಷ್ಟ ಕುದುರೆ ಮೇಲಿದ್ದೋರಿಗೆ ಹೇಗೆ ಗೊತ್ತಾಗ್ಬೇಕು."

ಹೀಗೆ ವಾರ ಕಳೆಯಿತು. ಕಪಾಟಿನಿಂದ ಒಂದು ಡಬ್ಬಿಯೂ ಇಳಿಯಲಿಲ್ಲ. ಬಸವಣ್ಣ ಸುತ್ತುತ್ತಲೇ ಇದ್ದ. ಗುರುದೇವಮ್ಮ ತಾಳ್ಮೆಯ ಹೆಂಗಸು. ಒಂದೇ ಎಮ್ಮೆಯನ್ನು ಹಂಚಿಕೊಂಡಿದ್ದ ಮೂವರು ನೆಗೆಣ್ಣಿಯರ ನ್ಯಾಯ ಬಗೆಹರಿಸಿದವಳು. ಅವಳಿಗೆ ಒಂದು ಭಾರೀ ಉಪಾಯ ಹೊಳೆಯಿತು.

"ನಾ ನ್ಯಾಯ ಹೇಳ್ತೀನಿ," ಎಂದಳು. "ಎರಡೂ ನನಗ ಜರಾ ಜರಾ ತೋರಿಸ್ರಿ. ನಾ ಯಾವುದಂತೀನೋ ಅದು ಉಳೀಲಿ. ಆಮ್ಯಾಲ ಯಾರೂ ತಕರಾರು ತಗೀಬಾರದು."

ಇಬ್ಬರಿಗೂ ಹಿಗ್ಗು. ಗೆಲುವು ತನ್ನದೇ ಎಂದು ಅಳಿಯ ಅಂದು ಅತ್ತೆಗೆ ಎರಡು ಸಲ ಚಹಾ ಮಾಡಿಕೊಟ್ಟ.

ಮರುದಿನ ಸಂಜೆ ವಿನಾಯಕ ಮೂರನೆಯದನ್ನು ಹಚ್ಚಿದ. ಗುರುದೇವಮ್ಮ ದೀಪದ ಬತ್ತಿ ಹೊಸೆಯುತ್ತ ಕೂತಳು. ಅವಳಿಗೆ ಓದು ಅಷ್ಟಕ್ಕಷ್ಟೇ, ಇಂಗ್ಲಿಷಂತೂ ಬಾರದು. ಹಾಗಾಗಿ ಪರದೆಯ ಮೇಲೆ ಬಂದ ಒಂದೊಂದು ಮಾತನ್ನೂ ಅವನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ಮೊದಮೊದಲು ನಾಚಿಕೊಂಡೇ ಹೇಳಿದ. ಮಂತ್ರಿ ಬಂದಾಗ ದನಿ ಸ್ವಲ್ಪ ದಪ್ಪವಾಯಿತು. ಮುದಿ ಸೇನಾಪತಿ ಸಾಯುವ ಹೊತ್ತಿಗೆ ಅಳಿಯ ಎದೆ ಹಿಡಿದುಕೊಂಡು ನರಳಿಯೇ ತೋರಿಸಿದ. ಮಂತ್ರಿ ಗರ್ಭಿಣಿ ರಾಣಿಯನ್ನು ನೆಲಮಾಳಿಗೆಗೆ ತಳ್ಳಿ ಕೀಲಿ ಜಡಿದಾಗ ವಿನಾಯಕ ಮೈಮುರಿದು, "ಇಷ್ಟು ಸಾಕಲ್ಲ ಅತ್ತೆ, ಅಂದಾಜು ಸಿಕ್ತಲ್ಲ," ಎಂದು ಟೀವಿ ಆರಿಸಲು ಕೈ ಚಾಚಿದ.

ಗುರುದೇವಮ್ಮನ ಕೈಯ ಬತ್ತಿ ಅಲ್ಲೇ ನಿಂತಿತು.

"ಬಸರ ಹೆಂಗಸು ಕತ್ತಲದಾಗ ಕುಂತಾಳ. ಅರ್ಧಕ್ಕ ಹ್ಯಾಂಗ ಬಿಡ್ತೀರಿ?"

ಅವನು ಇದು ಆಟ ಎಂದ. ಪೂರ್ತಿ ಮುಗಿಯಲು ವಾರಗಟ್ಟಲೆ ಬೇಕು ಎಂದ. ಗುರುದೇವಮ್ಮ ಒಪ್ಪಲಿಲ್ಲ. ಅವಳ ಊರಿನಲ್ಲಿ ಶ್ರಾವಣಕ್ಕೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಒಮ್ಮೆ ಹಚ್ಚಿದ ಪುರಾಣ ಮಂಗಳವಾಗುವ ತನಕ ನಿಲ್ಲುವಂತಿಲ್ಲ. ಒಂದು ವರ್ಷ ಶಾಸ್ತ್ರಿಗಳಿಗೆ ಚಳಿಜ್ವರ ಬಂದು, ಹೊದ್ದ ಕಂಬಳಿಯ ಒಳಗಿಂದಲೇ ಓದಿ ಮುಗಿಸಿದ್ದರು. ಅಂಥಾದ್ದರಲ್ಲಿ ಜ್ವರವೂ ಇಲ್ಲದ, ಹೊಟ್ಟೆ ತುಂಬ ರೊಟ್ಟಿ ತಿಂದ ಅಳಿಯ ಮೊದಲ ದಿನವೇ ಎದ್ದು ಹೋಗುವುದೆಂದರೇನು.

ದಾನೇಶ್ವರಿ, ಸೆರಗಿಲ್ಲದ್ದಕ್ಕೆ, ಬಾಯಿಗೆ ದಿಂಬು ಒತ್ತಿಕೊಂಡು ನಕ್ಕಳು. (ತನ್ನ ಸರದಿಯೂ ಬರುವುದಿದೆ ಎಂಬುದು ಅವಳಿಗೆ ಆಗ ಹೊಳೆದಿರಲಿಲ್ಲ.)

ಅಂದಿನಿಂದ ದಿನಾ ಸಂಜೆ ಪುರಾಣ. ಆಫೀಸಿನ ಬಸ್ಸು ಇಳಿದು ಬಂದ ಅಳಿಯ ಕೈಕಾಲು ತೊಳೆದುಕೊಂಡೇ ಆಟಕ್ಕೆ ಕೂರಬೇಕು. ಕಟ್ಟಡದ ಕಾವಲುಗಾರನ ಹೆಂಡತಿ ಹಂಪಮ್ಮ ನಲ್ಲಿ ನೀರಿನ ಸುದ್ದಿ ಹೇಳಲು ಬಂದವಳು ರಾಣಿಯ ಗತಿ ನೋಡಿ ಕೂತೇಬಿಟ್ಟಳು. ಮರುದಿನ ಬರುವಾಗ ಪದ್ಧತಿಯಂತೆ ಹಿಡಿ ಅಕ್ಕಿ ತಂದು ಟೀವಿಯ ಮುಂದೆ ತಟ್ಟೆಯಲ್ಲಿ ಸುರಿದಳು. ಮೇಲಿನ ಮನೆಯ ಮೈಸೂರಿನ ವೇದವತಿ ಇವರೆಲ್ಲ ಏನು ಮಾಡುತ್ತಿದ್ದಾರೆಂದು ಇಣುಕಲು ಬಂದು, ಇಣುಕಿದಲ್ಲೇ ಕುರ್ಚಿ ಹಾಕಿಸಿಕೊಂಡಳು.

ಕೇಳುವವರು ಸುಮ್ಮನೆ ಕೇಳಿದ್ದರೆ ವಿನಾಯಕ ಬೇಗ ಮುಗಿಸುತ್ತಿದ್ದನೇನೋ. ಆಟದ ಹುಡುಗ ಕಂಡವರ ಮನೆಗೆ ನುಗ್ಗಿ, ಮೂಲೆಯ ಗಡಿಗೆಗಳನ್ನು ಒಡೆದು, ಒಳಗಿದ್ದ ಔಷಧಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಮನೆಯವರು ಪಕ್ಕದಲ್ಲೇ ನಿಂತು ಹವೆಯ ಬಗ್ಗೆ ಮಾತಾಡುತ್ತಿದ್ದರು. ಮೊದಲ ಗಡಿಗೆ ಒಡೆದಾಗಲೇ ಗುರುದೇವಮ್ಮ ತಡೆದಳು.

"ಬಡವರ ಮನಿ ಗಡಿಗಿ ಯಾಕ ಒಡೀತೀರಿ? ಒಳ್ಳೆ ಮನೆತನದ ಹುಡುಗ ಅಂದ್ರಲ್ಲ."

"ಒಡೀದಿದ್ರೆ ಔಷಧಿ ಸಿಗೂದಿಲ್ಲ ಅತ್ತೆ. ಮುಂದೆ ಹುಲಿ ಬರ್ತದೆ."

"ಹುಲಿ ಬಂದ್ರ ಬರ್ಲಿ."

ಹುಲಿ ಬಂತು. ಔಷಧಿಯಿಲ್ಲದ ವೀರ ಸತ್ತ. ಮತ್ತೆ ಎದ್ದ, ಮತ್ತೆ ಸತ್ತ. ವಿನಾಯಕನ ಎದುರಿಗೆ ಆ ಹುಲಿ ಅಷ್ಟು ಸಲ ತೇಗಿದ್ದು ಅವನು ಆಟ ಕಲಿತ ಹೊಸತರಲ್ಲೂ ಇರಲಿಲ್ಲ. ಆದರೂ ಗಡಿಗೆಯನ್ನು ಮುಟ್ಟುವಂತಿರಲಿಲ್ಲ. ಮೂರು ಜೊತೆ ಕಣ್ಣು ಅವನ ಹೆಬ್ಬೆರಳ ಮೇಲಿದ್ದವು.

ಕೋಳಿಯ ಪ್ರಕರಣ ಇದಕ್ಕಿಂತ ದೊಡ್ಡದು. ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ದಾರಿಗೆ ಅಡ್ಡ ನಿಂತು ತನ್ನ ಕೋಳಿ ಕಳೆದಿದೆ ಎಂದಳು. ಅದು ಉಪಕತೆ, ಮಾಡದಿದ್ದರೂ ನಡೆಯುತ್ತದೆ ಎಂದು ವಿನಾಯಕ ಸರಸರ ಮುಂದೆ ಹೋದ. ಹಿಂದೆ ಯಾರದೋ ಬಳೆ ಜೋರಾಗಿ ಸದ್ದು ಮಾಡಿತು. ತಿರುಗಿ ನೋಡಿದರೆ ಮೂವರು ಹೆಂಗಸರೂ ಅವನನ್ನು ಮಂತ್ರಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

"ಅಲ್ಲಾ, ಅತ್ತ ರಾಣಿ ಸಾಯ್ತಿದ್ದಾಳೆ," ಎಂದ ಅಳಿಯ, ದೀನನಾಗಿ.

"ರಾಣಿಗೆ ಮಂದಿ ಭಾಳ ಅದಾರ್ರಿ," ಎಂದಳು ಹಂಪಮ್ಮ. "ಆ ಮುದುಕಿಗೆ ಯಾರಿದ್ದಾರ?"

ಮೂರು ಸಂಜೆ ಕೋಳಿ ಹುಡುಕಿದರು. ಕೋಳಿ ಸಿಕ್ಕಾಗ ವೇದವತಿ ಮೇಲಿನ ಮನೆಗೆ ಓಡಿ ಸಕ್ಕರೆ ತಂದು ಹಂಚಿದಳು.

ಅಂತೂ ರಾಣಿ ಬಿಡುಗಡೆಯಾದಳು. ಮೂರನೆಯದರ ಮಂಗಳದ ದಿನ ಗುರುದೇವಮ್ಮ ಟೀವಿಗೆ ಆರತಿ ಬೆಳಗಿದಳು. ಪುರಾಣ ಹೇಳಿದವರಿಗೆ ಆಯೇರಿ ಮಾಡುವುದು ಪದ್ಧತಿಯಲ್ಲವೆ, ಅಳಿಯನನ್ನು ಚಾಪೆಯ ಮೇಲೆ ಕೂರಿಸಿ ಶಲ್ಯ ಹೊದಿಸಿ, ಕಾಯಿ ಕೈಗಿಟ್ಟರು. ವಿನಾಯಕ ನಾಚಿ ಮುದುಡಿದ. ಆದರೆ ಶಲ್ಯವನ್ನು ಮಾತ್ರ ಮಲಗುವವರೆಗೆ ತೆಗೆಯಲಿಲ್ಲ.

ಆಮೇಲೆ ದಾನೇಶ್ವರಿಯ ಐದನೆಯದು. ಅವಳ ನಗು ಎರಡೇ ಸಂಜೆಗೆ ಇಳಿಯಿತು. ಕುದುರೆಗೆ ಮೇವು ಹಾಕದೆ ಹತ್ತಬಾರದೆಂದು ತಾಯಿ ಕಟ್ಟಪ್ಪಣೆ ಮಾಡಿದಳು. ಯುದ್ಧಕ್ಕೆ ಹೊರಟ ನಾಲ್ವರಲ್ಲಿ ಅಡುಗೆ ಮಾಡುವವರು ಯಾರು ಎಂದು ಹಂಪಮ್ಮ ಪಟ್ಟು ಹಿಡಿದಾಗ ಮಗಳು ಬಿಲ್ಲುಗಾರ ಮಾಡುತ್ತಾನೆ ಎಂದು ಸುಳ್ಳು ಹೇಳಿದಳು. ಅಂದಿನಿಂದ ಬಿಲ್ಲುಗಾರ ಎಲ್ಲರ ಕಣ್ಮಣಿಯಾದ. ಅವನಿಗೆ ಬಾಣ ತಗುಲಿದರೆ ಆಟ ನಿಲ್ಲಿಸಿ ಮತ್ತೆ ಹಿಂದಿನಿಂದ ಆಡಬೇಕಾಗುತ್ತಿತ್ತು. ಆಫೀಸಿನಲ್ಲಿ ಕೂತಲ್ಲೇ ದಾನೇಶ್ವರಿಯ ಕಣ್ಣು ಮುಚ್ಚುತ್ತಿದ್ದವು. ಗಂಡ ಹೆಂಡತಿ ಸಿನಿಮಾಕ್ಕೆ ಹೋಗಿ ತಿಂಗಳ ಮೇಲಾಗಿತ್ತು.

ನಾಗರ ಅಮಾಸಿಯ ಸಂಜೆ ಐದನೆಯದೂ ಮಂಗಳವಾಯಿತು. ಮರುದಿನವೇ ಶ್ರಾವಣ, ಅದೂ ಸೋಮವಾರ. ಗುರುದೇವಮ್ಮ ಕಪಾಟಿಗೆ ಹಾಸಲು ಹೊಸ ಕೆಂಪು ಬಟ್ಟೆ ತೆಗೆದಿಟ್ಟಿದ್ದಳು. ಇನ್ನು ತೀರ್ಪೊಂದೇ ಬಾಕಿ. ಹಂಪಮ್ಮ, ವೇದವತಿ ಮುಂದೆ ಸರಿದು ಕೂತರು.

ನ್ಯಾಯಾಧೀಶೆ ಬಾಯಿ ತೆರೆಯುವ ಮೊದಲೇ ಅಳಿಯ ಎದ್ದು ನಿಂತ.

"ಅತ್ತೆ, ನಾನೇ ಸೋತೆ. ಐದನೇದೇ ಒಳ್ಳೇದು. ಅದ್ನೇ ಇಟ್ಕಳ್ವ."

"ಇಲ್ಲವ್ವ," ಎಂದಳು ದಾನೇಶ್ವರಿ, ಅವನಿಗಿಂತ ಅವಸರದಿಂದ. "ಖರೇ ಅಂದ್ರ ಮೂರನೇದ ಛಲೋ. ಇವರು ಹೇಳಿದ್ದು ನೋಡಿ ನನಗ ಗೊತ್ತಾತು."

"ನಿನ್ನ ಬಿಲ್ಲುಗಾರ ನಮ್ಮಲ್ಲಿ ಇಲ್ಲ ಮಾರಾಯ್ತಿ. ಐದನೇದು."

"ನಿಮ್ಮ ಕೋಳಿ ನಮ್ಮಲ್ಲೆಲ್ಲೈತ್ರಿ? ಮೂರನೇದು."

ಗೆದ್ದ ಆಟವನ್ನು ದಿನಾ ಹಚ್ಚಿ ಹೇಳುವ ಪಾಳಿ ಇಬ್ಬರಿಗೂ ಬೇಡವಾಗಿ, ಕ್ಯಾಂಟೀನಿನಲ್ಲಿ ಶುರುವಾದ ಜಗಳ ಹೀಗೆ ತಲೆಕೆಳಗಾಗಿ ನಿಂತಿತು. ಕೊನೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಂದು ತೀರ್ಮಾನಕ್ಕೆ ಬಂದರು. ಒಂದೂ ಬೇಡ. ಒಂಬತ್ತೂ ಅಟ್ಟಕ್ಕೆ ಹೋಗಲಿ. ಕಪಾಟು ಪೂರಾ ಅವ್ವನದು, ಈಗಿಂದೀಗಲೇ. ವಿನಾಯಕ ಆಗಲೇ ರಟ್ಟಿನ ಪೆಟ್ಟಿಗೆಯ ಬಾಯಿ ಬಿಡಿಸುತ್ತಿದ್ದ.

ವರ್ಷದಿಂದ ಬಯಸಿದ್ದು ಬಯಸಿದ್ದಕ್ಕಿಂತ ಹೆಚ್ಚಾಗಿ ಕೈಗೆ ಬಂತು. ಗುರುದೇವಮ್ಮ ಕೆಂಪು ಬಟ್ಟೆ ಹಿಡಿದು ಕಪಾಟಿನ ಮುಂದೆ ನಿಂತಳು. ಅಳಿಯ ಒಂದನೆಯ ಡಬ್ಬಿ ತೆಗೆದ, ಎರಡನೆಯದು ತೆಗೆದ, ಮೂರನೆಯದು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಅವಳು ಆ ಡಬ್ಬಿಯ ಮೇಲೆ ಕೈ ಇಟ್ಟಳು.

"ಮೂರನೇದರಾಗ ರಾಣಿ ಹಡೆದ ಕೂಸಿನ್ನ ದೋಣಿಯಾಗ ಬಿಟ್ಟರು," ಎಂದಳು ಮೆಲ್ಲಗೆ. "ಐದನೇದರಾಗ ಆ ಕೂಸು ಮೀಸಿ ಬಂದ ಗಂಡಸಾಗಿ ಕುದುರಿ ಹತ್ಯಾನ. ನಡುವ ಅದಕ್ಕ ಹಾಲು ಕುಡಿಸಿದವರು ಯಾರು?"

ಗಂಡ ಹೆಂಡತಿ, ಮದುವೆಯಾದಾಗಿನಿಂದ ಮೊದಲ ಸಲ, ಒಂದೇ ದನಿಯಲ್ಲಿ ಮಾತಾಡಿದರು. ನಾಲ್ಕನೆಯದು ಕೆಟ್ಟದು. ಲೋಕದಲ್ಲಿ ಯಾರೂ ಅದನ್ನು ಆಡುವುದಿಲ್ಲ. ಅದರಲ್ಲಿ ಪಚ್ಚೆ ಕಳೆಯುವುದೂ ಕೊನೆಗೆಲ್ಲೋ, ಯುದ್ಧವೇ ಇಲ್ಲ, ಒಬ್ಬ ಅಂಬಿಗರ ಹೆಂಗಸು ಒಂದು ಮಗುವನ್ನು ಸಾಕುತ್ತ ಕೂರುತ್ತಾಳೆ, ಎಲ್ಲ ಉಪಕತೆಯೇ, ಮುಗಿಯುವುದೇ ಇಲ್ಲ, ಎಲ್ಲಕ್ಕಿಂತ ಉದ್ದ.

ಹೇಳಬಾರದ್ದನ್ನು ಹೇಳಿದೆವೆಂದು ಇಬ್ಬರಿಗೂ ಹೊಳೆಯುವಷ್ಟರಲ್ಲಿ ಹಂಪಮ್ಮ ನಾಳೆಗೆ ಅಕ್ಕಿ ತರುವ ಮಾತಾಡುತ್ತಿದ್ದಳು. ವೇದವತಿ, "ಎಲ್ಲಕ್ಕಿಂತ ಉದ್ದ ಅಂದ್ರೆ ದಸರಾವರೆಗೂ ಬರತ್ತೇನಮ್ಮಾ?" ಎಂದು ಆಸೆಯಿಂದ ಕೇಳುತ್ತಿದ್ದಳು.

"ಕೇಳದ ಪುರಾಣ ಅಟ್ಟಕ್ಕ ಹಾಕಿದರ ಶ್ರಾವಣದಾಗ ನನಗ ಉಂಡದ್ದು ಹತ್ತಂಗಿಲ್ಲ," ಎಂದಳು ಗುರುದೇವಮ್ಮ. "ತೀರ್ಪು ಎಲ್ಲಾ ಕೇಳಿದ ಮ್ಯಾಲ. ಮ್ಯಾಲಿಂದ ಮ್ಯಾಲ ಅಟ್ಟ ಹತ್ತಿ ಇಳಿಯೋದು ಅಳಿಯಂದಿರ ಸೊಂಟಕ್ಕ ಛಲೋ ಅಲ್ಲ. ಡಬ್ಬಿ ಎಲ್ಲಾ ಇದ್ದಲ್ಲೇ ಇರ್ಲಿ."

"ದೇವರು?" ಎಂದಳು ಮಗಳು, ಕೊನೆಯ ಆಸೆಯಿಂದ. "ಮೊದಲನೇ ಸೋಮವಾರ ಅಂದಿದ್ದೆಲ್ಲವ್ವ."

ಗುರುದೇವಮ್ಮ ಕೆಂಪು ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳು. ಆಮೇಲೆ ಶ್ರಾವಣಕ್ಕೆ ಸೋಮವಾರಗಳು ಇನ್ನೂ ಇವೆ ಎಂದಳು. ಅವು ಸಾಲದಿದ್ದರೆ ಕಾರ್ತಿಕಕ್ಕೂ ಇವೆ.

ಸೋಮವಾರ ಸಂಜೆ ಕೆಂಪು ಬಟ್ಟೆ ಫ್ರಿಜ್ಜಿನ ಮೇಲೆ ಹಾಸಿತ್ತು. ಗುರುದೇವಮ್ಮ ಬಸವಣ್ಣನನ್ನು ತೊಳೆದು, ವಿಭೂತಿ ಹಚ್ಚಿ, ಎದುರಿಗೆ ನೆಟ್ಟಗೆ ಕೂರಿಸಿ, ಇನ್ನೊಂದೆರಡು ತಿಂಗಳು ತಡಕೊಳ್ಳಪ್ಪ ಎಂದು ಬೇಡಿಕೊಂಡಳು. ಅಷ್ಟರಲ್ಲಿ ಹಾಲ್‌ನಲ್ಲಿ ನದಿಯ ಸದ್ದು ಕೇಳಿಸಿತು. ಅಳಿಯ ನಿಟ್ಟುಸಿರಿಟ್ಟು ನಾಲ್ಕನೆಯದನ್ನು ಹಚ್ಚಿದ್ದ. ಶಲ್ಯ ಹೊದ್ದೇ ಕೂತಿದ್ದ. ಮಗಳು ಅವನ ಭುಜಕ್ಕೆ ಒರಗಿ, ಅಂಬಿಗರ ಹೆಂಗಸಿನ ಮಾತು ತಾನು ಹೇಳುತ್ತೇನೆ, ಗಂಡಸರ ಮಾತು ಅವನು ಹೇಳಲಿ ಎಂದು ಕರಾರು ಮಾಡಿಕೊಳ್ಳುತ್ತಿದ್ದಳು. ಗುರುದೇವಮ್ಮ ಮಂಗಳಾರತಿಯನ್ನು ಅರ್ಧ ಸುತ್ತಿನಲ್ಲೇ ಮುಗಿಸಿ ಓಡಿಬಂದು ತನ್ನ ಜಾಗ ಹಿಡಿದಳು.

ಪರದೆಯ ಮೇಲೆ ದೋಣಿ ತೇಲಿಬಂತು. ಕೂಸು ಅತ್ತಿತು. ಹಿಂದೆ ಫ್ರಿಜ್ಜು ಗುರ್ರೆಂದಿತು. ದೇವರಿಗೆ ಅರ್ಧ ಆರತಿ ಮಾಡಿ ಬಂದ ಅಳುಕಿನಲ್ಲಿ ಗುರುದೇವಮ್ಮ ಕತ್ತು ಹೊರಳಿಸಿ ನೋಡಿದಳು. ಹೊಸ ಬಟ್ಟೆಯ ನುಣುಪಿಗೋ ಏನೋ, ಬಸವಣ್ಣ ಈ ಸಲ ಮುಸುರೆಯ ಕಡೆ ಹೋಗದೆ ಇನ್ನೊಂದು ಕಡೆಗೆ ಹೊರಳಿದ್ದ. ಕಿವಿ ನಿಮಿರಿಸಿಕೊಂಡು, ನೆಟ್ಟಗೆ ಟೀವಿಯ ಕಡೆ ಮುಖ ಮಾಡಿ ಕೂತಿದ್ದ.

"ಜರಾ ಸರೀರಿ," ಎಂದು ಗುರುದೇವಮ್ಮ ವೇದವತಿಯ ಕುರ್ಚಿ ಪಕ್ಕಕ್ಕೆ ಎಳೆಸಿದಳು. "ಹಿಂದ ಕುಂತವರಿಗೆ ಕಾಣವಲ್ದು."